ಬಾಲಸಾಹಿತ್ಯದಲ್ಲಿ ಭಯಾನಕ ರಸ

ಮಕ್ಕಳ ಕೈಗೆ ಕೊಡತಕ್ಕ ಪುಸ್ತಕದಲ್ಲಿ ಭೂತಬೇತಾಳಗಳೂ ಕಗ್ಗಾಡುಗಳೂ ಹಲ್ಲು ಕಿರಿಯುವ ವಿಕಾರಜೀವಿಗಳೂ ಇರಬಹುದೆ ಎಂಬ ಪ್ರಶ್ನೆ ಇಂದು ನಿನ್ನೆ ಹುಟ್ಟಿದ್ದಲ್ಲ. ಗ್ರೀಸಿನ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ, ದೇವತೆಗಳು ಪರದೇಶಿಗಳ ವೇಷ ತೊಟ್ಟು ರಾತ್ರಿಯ ಹೊತ್ತು ಅಲೆಯುತ್ತಾರೆಂದು ಹೇಳಿ ತಾಯಂದಿರು ಮಕ್ಕಳನ್ನು ಹೆದರಿಸಕೂಡದೆಂದು ವಿಧಿಸಿದನು. ಅದರಿಂದ ದೇವತಾನಿಂದೆಯೂ ಆಗುತ್ತದೆ, ಮಕ್ಕಳು ಪುಕ್ಕಲರೂ ಆಗುತ್ತಾರೆ ಎಂಬುದು ಅವನ ಆಕ್ಷೇಪ. 1693ರಲ್ಲಿ ಶಿಕ್ಷಣದ ವಿಷಯವಾಗಿ ಬರೆದ ಇಂಗ್ಲೆಂಡಿನ ಜಾನ್ ಲಾಕ್, ಮನೆಯ ಸೇವಕರು ಮಕ್ಕಳ ಕಿವಿಯಲ್ಲಿ ತುಂಬುವ ಪಿಶಾಚಿಗಳ ಮಾತು ಮುಂದೆ ಅಳಿಸಲಾಗದ ಅಚ್ಚಾಗಿ ಮನಸ್ಸಿನಲ್ಲಿ ಕುಳಿತು, ಕತ್ತಲೆಯೆಂದರೆ ನಡುಗುವ ವಯಸ್ಕರನ್ನು ನಿರ್ಮಿಸುತ್ತದೆಂದು ಎಚ್ಚರಿಸಿದನು. ಇಬ್ಬರೂ ಸಾಮಾನ್ಯರಲ್ಲ, ಇಬ್ಬರ ಆತಂಕಕ್ಕೂ ಮೂಲ ಮಕ್ಕಳ ಮೇಲಣ ಕಳಕಳಿಯೇ. ಆದರೂ ಈ ವಾದದಲ್ಲಿ ಒಂದು ವಿವೇಚನೆ ಬಿಟ್ಟುಹೋಗಿದೆಯೆಂದು ನನಗೆ ಬಹುಕಾಲದಿಂದ ತೋರುತ್ತ ಬಂದಿದೆ. ಹಿರಿಯನು ತನ್ನ ಮಾತು ನಡೆಯಲೆಂದು ಮಗುವಿನ ಮೇಲೆ ಪ್ರಯೋಗಿಸುವ ಭಯ ಒಂದು ಬಗೆಯದು. ಕಲಾವಿದನು ಮಗುವಿನ ಮುಂದೆ ಹಾಳೆಯ ಮೇಲೆ ಬಿಡಿಸಿಟ್ಟು, ಬೇಕಾದಷ್ಟು ಹೊತ್ತು ನೋಡು, ಸಾಕೆನಿಸಿದಾಗ ಪುಟ ಮಗುಚು ಎನ್ನುವ ಭಯ ಇನ್ನೊಂದು ಬಗೆಯದು. ಮೊದಲನೆಯದನ್ನು ಪ್ಲೇಟೋವಿನಷ್ಟೇ ಕಟುವಾಗಿ ನಾನೂ ನಿರಾಕರಿಸುತ್ತೇನೆ. ಎರಡನೆಯದನ್ನು ಮಗುವಿಗೆ ಕೊಡದೆ ಮುಚ್ಚಿಡುವುದು ಅದರ ಬಾಲ್ಯಕ್ಕೆ ನಾವು ಮಾಡುವ ಅನ್ಯಾಯವೆಂದು ನಂಬುತ್ತೇನೆ.

ಮೊದಲ ಬಗೆಯ ಭಯ ನಮ್ಮ ಮನೆಗಳಿಗೆ ಅಪರಿಚಿತವಲ್ಲ. ಊಟ ಬೇಡವೆಂದು ಮುಖ ತಿರುವುವ, ನಿದ್ದೆ ಒಲ್ಲೆನೆಂದು ರಚ್ಚೆ ಹಿಡಿಯುವ ಮಗುವಿಗೆ ‘ಗುಮ್ಮ ಬಂದ’ ಎಂದು ಒಮ್ಮೆಯಾದರೂ ಹೇಳದ ಮನೆ ಕನ್ನಡನಾಡಿನಲ್ಲಿ ಎಷ್ಟಿರಬಹುದು? ಪುರಂದರದಾಸರು ಈ ಸಂಗತಿಯನ್ನು ಎಷ್ಟು ಸೂಕ್ಷ್ಮವಾಗಿ ಕಂಡಿದ್ದರೆಂದರೆ, ಅವರ ಒಂದು ಪ್ರಸಿದ್ಧ ಕೀರ್ತನೆಯಲ್ಲಿ ಬಾಲಕೃಷ್ಣನೇ ತಾಯಿಯ ಮುಂದೆ ನಿಂತು, ಗುಮ್ಮನನ್ನು ಮಾತ್ರ ಕರೆಯಬೇಡವೆಂದು ಅಂಗಲಾಚುತ್ತಾನೆ. ಇನ್ನು ತಂಟೆ ಮಾಡುವುದಿಲ್ಲ, ಸುಮ್ಮನಿರುತ್ತೇನೆ ಎಂದು ಒಂದರ ಮೇಲೊಂದು ಮಾತು ಕೊಡುತ್ತಾನೆ. ಜಗತ್ತನ್ನೇ ಉದರದಲ್ಲಿ ಧರಿಸಿದವನು ಗುಮ್ಮನಿಗೆ ಅಂಜುವುದು ಭಕ್ತರ ಕಿವಿಗೆ ಲೀಲೆಯಾಗಿ ಕೇಳುತ್ತದೆ. ಆದರೆ ಆ ಲೀಲೆಯ ಒಳಗೆ ಇರುವ ಮಗುವಿನ ಅಸಹಾಯಕತೆ ನಿಜವಾದದ್ದು, ಮತ್ತು ದಾಸರು ಅದನ್ನು ಮರೆಮಾಡಿಲ್ಲ. ಗುಮ್ಮನ ಬಲವಿರುವುದೆಲ್ಲ ಅವನಿಗೆ ಮುಖವಿಲ್ಲದಿರುವುದರಲ್ಲಿ. ಅವನ ಎತ್ತರವೆಷ್ಟು, ಕಣ್ಣು ಎಲ್ಲಿವೆ, ಬಂದವನು ಏನು ಮಾಡುತ್ತಾನೆ, ಎಷ್ಟು ಹೊತ್ತಿಗೆ ಹೋಗುತ್ತಾನೆ ಎಂಬುದೊಂದೂ ಮಗುವಿಗೆ ತಿಳಿಯದು. ತಿಳಿದಿರುವವಳು ತಾಯಿಯೊಬ್ಬಳೇ, ಏಕೆಂದರೆ ಕರೆಯುವವಳೂ ಅವಳೇ, ಕಳುಹಿಸುವವಳೂ ಅವಳೇ. ಮಗುವಿಗೆ ಆಶ್ರಯವಾಗಬೇಕಾದ ಮಡಿಲೇ ಭಯದ ಬಾಗಿಲೂ ಆಗಿಬಿಡುವುದು ಇಲ್ಲಿನ ದುರಂತ.

ಇಂಥ ಶಿಕ್ಷೆಯ ಭಯಕ್ಕೆ ಯೂರೋಪಿನಲ್ಲಿ ಬಣ್ಣದ ಚಿತ್ರವನ್ನೂ ಬರೆದುಕೊಟ್ಟವನು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವೈದ್ಯ ಹೈನ್‌ರಿಖ್ ಹಾಫ್‌ಮನ್. 1844ರ ಕ್ರಿಸ್ಮಸ್ ಹಬ್ಬಕ್ಕೆ ಮೂರು ವರ್ಷದ ಮಗನಿಗೆ ಕೊಡಲು ಒಂದು ಪುಸ್ತಕ ಹುಡುಕಿ, ಅಂಗಡಿಯಲ್ಲಿದ್ದ ನೀರಸ ನೀತಿಕಥೆಗಳಾವುವೂ ಮನಸ್ಸಿಗೆ ಬಾರದೆ, ಖಾಲಿ ಹಾಳೆಗಳ ಪುಸ್ತಕವನ್ನೇ ಕೊಂಡು ತಂದು ತಾನೇ ಪದ್ಯ ಬರೆದು ಚಿತ್ರ ಬಿಡಿಸಿದನು. ಮರುವರ್ಷ ಅಚ್ಚಾದ ಆ ಪುಸ್ತಕ ‘ಸ್ಟ್ರುವೆಲ್‌ಪೇಟರ್’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಹೆಬ್ಬೆರಳು ಚೀಪುವ ಹುಡುಗನ ಬೆರಳುಗಳನ್ನು ದೊಡ್ಡ ಕತ್ತರಿ ಹಿಡಿದ ದರ್ಜಿಯೊಬ್ಬ ಹಾರಿ ಬಂದು ಕತ್ತರಿಸಿಹಾಕುತ್ತಾನೆ. ಬೆಂಕಿಕಡ್ಡಿಯೊಡನೆ ಆಡಿದ ಹುಡುಗಿ ಸುಟ್ಟು ಬೂದಿಯಾಗಿ, ಅವಳ ಎರಡು ಬೆಕ್ಕುಗಳು ಕಣ್ಣೀರ ಹೊಳೆ ಹರಿಸುತ್ತವೆ. ಸೂಪು ಬೇಡವೆಂದ ಬಾಲಕ ಐದನೆಯ ದಿನಕ್ಕೆ ಸತ್ತೇಹೋಗುತ್ತಾನೆ. ಈ ಅತಿರೇಕದಲ್ಲಿ ವಿನೋದವಿದೆ, ತಲೆಮಾರುಗಳ ಮಕ್ಕಳು ಇದನ್ನು ಓದಿ ನಕ್ಕದ್ದೂ ಉಂಟು. ನೀತಿಪಾಠಕ್ಕೆ ಬೇಸತ್ತ ತಂದೆಯೇ ಬರೆದದ್ದಾದುದರಿಂದ ಅಲ್ಲಿ ನೀತಿಯ ಅಣಕವೂ ಇದ್ದೀತು. ಆದರೂ ಆ ಪುಟಗಳಲ್ಲಿ ಕತ್ತರಿ ಹೊರಡುವುದು ತಾಯಿಯ ಮಾತು ಮೀರಿದ ಕ್ಷಣದಲ್ಲಿಯೇ ಎಂಬುದನ್ನು ಮರೆಯಲಾಗದು. ಭಯಕ್ಕೆ ರೂಪವೇನೋ ಬಂತು. ಅದರ ಹಿಡಿ ಮಾತ್ರ ಹಿರಿಯರ ಕೈಯಲ್ಲಿಯೇ ಉಳಿಯಿತು.

ಹಾಗಾದರೆ ಎರಡನೆಯ ಬಗೆಯ ಭಯವೆಂದರೆ ಯಾವುದು? ನಮ್ಮ ಆಲಂಕಾರಿಕರು ಇದನ್ನು ಬಹು ಹಿಂದೆಯೇ ಆಲೋಚಿಸಿದ್ದಾರೆ. ಭರತಮುನಿಯ ಎಂಟು ರಸಗಳಲ್ಲಿ ಹಾಸ್ಯಕ್ಕೂ ಅದ್ಭುತಕ್ಕೂ ಇರುವ ಸ್ಥಾನವೇ ಭಯಾನಕಕ್ಕೂ ಇದೆ. ಅಭಿನವಗುಪ್ತನು ರಸಾಸ್ವಾದದ ಸ್ವರೂಪವನ್ನು ವಿವರಿಸುವ ಸಂದರ್ಭದಲ್ಲಿ ಎತ್ತಿಕೊಳ್ಳುವ ಉದಾಹರಣೆಯೇ ಭಯದ್ದು: ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥಕ್ಕೆ ಬೆದರಿ, ಕತ್ತು ತಿರುಗಿಸಿ ಮತ್ತೆ ಮತ್ತೆ ಹಿಂದೆ ನೋಡುತ್ತ ಓಡುವ ಜಿಂಕೆ. ಅದನ್ನು ನೋಡುವ ಸಹೃದಯನಿಗೆ ಉಂಟಾಗುವ ಭಯ ಇಂಥ ದೇಶದ್ದು, ಇಂಥ ಕಾಲದ್ದು, ನನ್ನದು, ಶತ್ರುವಿನದು, ಮಿತ್ರನದು ಎಂಬ ಕಟ್ಟುಗಳಿಂದ ಬಿಡುಗಡೆ ಹೊಂದಿದ ಭಯ. ಆದುದರಿಂದಲೇ ಅದು ಓಡಿಹೋಗುವಂತೆ ಮಾಡುವುದಿಲ್ಲ, ಕಣ್ಣಿಟ್ಟು ನೋಡುವಂತೆ ಮಾಡುತ್ತದೆ. ಇದು ಸಂಸ್ಕಾರ ಪಡೆದ ಪ್ರೇಕ್ಷಕನ ಮಾತಾಯಿತು, ಐದು ವರ್ಷದ ಕೂಸಿಗೆ ಈ ಸಾಧಾರಣೀಕರಣ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಆದರೆ ಅಪ್ಪನನ್ನು ಹುಲಿಯಾಗೆಂದು ಕಾಡಿ, ಹುಲಿ ಗರ್ಜಿಸಿದೊಡನೆ ಕಿಟಾರನೆ ಕಿರಿಚಿ ಓಡಿ, ಅಡಿಗೆಮನೆಯ ಬಾಗಿಲಿನ ಮರೆಯಿಂದ ಇಣುಕಿ, ‘ಇನ್ನೊಂದು ಸಲ’ ಎಂದು ಗೋಗರೆಯುವ ಮಗುವನ್ನು ಯಾರು ಕಂಡಿಲ್ಲ? ಆ ‘ಇನ್ನೊಂದು ಸಲ’ದಲ್ಲಿ ಅಭಿನವಗುಪ್ತನು ಹೇಳಿದ ಸಂಗತಿಯ ಬೀಜವೆಲ್ಲ ಅಡಗಿದೆ. ಹುಲಿ ಅಪ್ಪನೆಂಬುದು ಮಗುವಿಗೆ ಗೊತ್ತು. ಅಪ್ಪ ಹುಲಿಯೆಂಬುದೂ ಗೊತ್ತು. ಎರಡು ಜ್ಞಾನಗಳೂ ಒಂದನ್ನೊಂದು ಅಳಿಸದೆ ಜೊತೆಗೆ ನಿಲ್ಲುತ್ತವೆ. ಮಕ್ಕಳಿಗೆಂದು ಬರೆಯುವ ಚಿತ್ರಕಾರನ ಕೆಲಸ ಈ ಎರಡನ್ನೂ ಕೆಡಿಸದೆ ಕಾಪಾಡುವುದು.

ಈ ಕೆಲಸವನ್ನು ಕಳೆದ ಶತಮಾನದಲ್ಲಿ ಅತ್ಯಂತ ಪ್ರಾಮಾಣಿಕವಾಗಿ ಮಾಡಿದವರಲ್ಲಿ ಫಿನ್ಲೆಂಡಿನ ತೂವೆ ಯಾನ್ಸನ್ ಅವರನ್ನು ನಾನು ಮೊದಲು ಎಣಿಸುತ್ತೇನೆ. 1914ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿದ ಈಕೆಯ ತಂದೆ ಶಿಲ್ಪಿ, ತಾಯಿ ದೇಶದ ಅಂಚೆಚೀಟಿಗಳಿಗೆ ಚಿತ್ರ ಬರೆದುಕೊಟ್ಟ ಕಲಾವಿದೆ; ಮನೆಯ ಮಾತು ಸ್ವೀಡಿಷ್. ವಿದ್ಯಾಭ್ಯಾಸಕ್ಕೆಂದು ಸ್ಟಾಕ್‌ಹೋಮಿನಲ್ಲಿ ಸೋದರಮಾವನ ಮನೆಯಲ್ಲಿದ್ದಾಗ, ರಾತ್ರಿ ಅಡಿಗೆಮನೆಗೆ ನುಸುಳಿ ತಿಂಡಿ ಕದಿಯುತ್ತಿದ್ದ ಈ ಹುಡುಗಿಗೆ ಆತ ಒಂದು ಕಥೆ ಹೇಳಿದನಂತೆ: ಒಲೆಯ ಹಿಂದೆ ಮೂಮಿನ್ ಎಂಬ ಜೀವಿಗಳು ವಾಸಿಸುತ್ತವೆ, ಕದಿಯಲು ಬಂದವರ ಕತ್ತಿನ ಮೇಲೆ ತಣ್ಣನೆಯ ಉಸಿರು ಬಿಡುತ್ತವೆ. ಅಂದರೆ ಮೂಮಿನ್ ಹುಟ್ಟಿದ್ದು ನಮ್ಮ ಗುಮ್ಮನ ಕುಲದಲ್ಲಿಯೇ, ಹಿರಿಯನೊಬ್ಬ ಕಿರಿಯಳನ್ನು ಹದ್ದಿನಲ್ಲಿಡಲು ಕಲ್ಪಿಸಿದ ಅಂಜಿಕೆಯಾಗಿ. ಮುಂದೆ ಆಕೆಯ ಲೇಖನಿ ಅದನ್ನು ಏನು ಮಾಡಿತೆಂಬುದು ಬಾಲಸಾಹಿತ್ಯದ ಇತಿಹಾಸದಲ್ಲಿಯೇ ಒಂದು ವಿಸ್ಮಯ. ದುಂಡುದುಂಡಾದ ಮೂತಿ, ಡೊಳ್ಳುಹೊಟ್ಟೆ, ತೆಳ್ಳನೆಯ ಬಾಲ. ಕಾಫಿ ಕಾಯಿಸುವ, ಹೂವಿನ ಮಡಿ ಮಾಡುವ, ಬಂದವರಿಗೆಲ್ಲ ಮನೆಯಲ್ಲಿ ಹಾಸಿಗೆ ಹಾಸುವ ಒಂದು ಸೌಮ್ಯ ಕುಟುಂಬ. ಒಲೆಯ ಹಿಂದಿನ ಭೂತವೇ ಮನೆಯ ಯಜಮಾನಿಯಾಗಿ ಕುಳಿತಿತು.

ಆದರೆ ಹೀಗೆ ಭೂತವನ್ನು ಸಾಧುವಾಗಿಸಿದವಳು ಲೋಕದಲ್ಲಿ ಭಯವೇ ಇಲ್ಲವೆಂದು ಮಕ್ಕಳಿಗೆ ಸುಳ್ಳು ಹೇಳಲಿಲ್ಲ. ಹೇಳುವುದು ಆಕೆಗೆ ಸಾಧ್ಯವೂ ಇರಲಿಲ್ಲ. 1939ರ ಚಳಿಗಾಲದಲ್ಲಿ ಸೋವಿಯತ್ ರಷ್ಯವು ಫಿನ್ಲೆಂಡಿನ ಮೇಲೆ ದಂಡೆತ್ತಿ ಬಂದಾಗ, ಬಣ್ಣದ ಚಿತ್ರ ಬರೆಯುವ ಮನಸ್ಸೇ ಬತ್ತಿಹೋಗಿ, ಆಕೆ ಮೊದಲ ಮೂಮಿನ್ ಕಥೆಗೆ ಕೈಹಚ್ಚಿದರು. ಅದು ಪುಸ್ತಕವಾಗಿ ಹೊರಬಂದದ್ದು 1945ರಲ್ಲಿ. ಮರುವರ್ಷದ ಕಥೆಯಲ್ಲಿ ಆಕಾಶದಿಂದ ಒಂದು ಧೂಮಕೇತು ಭೂಮಿಯತ್ತ ಧಾವಿಸುತ್ತದೆ. ಆಕಾಶ ಕೆಂಪಾಗುತ್ತದೆ, ಕಡಲು ಬತ್ತುತ್ತದೆ, ಎಲ್ಲರೂ ಗವಿಯೊಳಗೆ ಮುದುಡಿ ಕುಳಿತು ಕಾಯುತ್ತಾರೆ. ಬಾಂಬುಗಳು ಬೀಳುವಾಗ ನೆಲಮಾಳಿಗೆಗಳಲ್ಲಿ ಮುದುಡಿ ಕುಳಿತಿದ್ದ ಹೆಲ್ಸಿಂಕಿಯ ಮಕ್ಕಳಿಗೆ ಆ ಗವಿ ಯಾವುದೆಂದು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಭಯ ಆ ಮಕ್ಕಳಲ್ಲಿ ಮೊದಲೇ ಇತ್ತು. ಪುಸ್ತಕ ಅದನ್ನು ಹೊಸದಾಗಿ ತಂದು ತುಂಬಲಿಲ್ಲ, ಇದ್ದದ್ದಕ್ಕೆ ಒಂದು ಆದಿಯನ್ನೂ ಒಂದು ಅಂತ್ಯವನ್ನೂ ಕೊಟ್ಟಿತು. ಬಾಲಸಾಹಿತ್ಯದಿಂದ ಭಯವನ್ನು ಹೊರಗಿಡಬೇಕೆನ್ನುವವರು ಈ ಸರಳ ಸಂಗತಿಯನ್ನು ಗಮನಿಸುವುದಿಲ್ಲ. ಮಗು ಭಯವಿಲ್ಲದ ಪಾತ್ರೆ, ಪುಸ್ತಕ ಅದರೊಳಕ್ಕೆ ಭಯವನ್ನು ಸುರಿಯುತ್ತದೆ ಎಂಬ ಅವರ ಎಣಿಕೆಯೇ ತಪ್ಪು. ತಾಯಿ ಕಣ್ಣಿಗೆ ಮರೆಯಾದರೆ ತಿರುಗಿ ಬರುವಳೋ ಇಲ್ಲವೋ ಎಂದು ಕೂಸು ಅಂಜಲು ಯಾವ ಪುಸ್ತಕವನ್ನೂ ಓದಿರಬೇಕಾಗಿಲ್ಲ.

ಮೂಮಿನ್ ಕಥೆಗಳಲ್ಲಿ ಬರುವ ‘ಗ್ರೋಕ್’ ಎಂಬ ಪಾತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1948ರ ಪುಸ್ತಕದಲ್ಲಿ ಅವಳು ಮೊದಲು ಕಾಣಿಸಿಕೊಂಡಾಗ ಚಿತ್ರದಲ್ಲಿರುವುದು ಒಂದು ಗುಡ್ಡದಂಥ ಕಪ್ಪು ರಾಶಿ, ಅದರ ಮೇಲ್ಗಡೆ ರೆಪ್ಪೆ ಬಡಿಯದ ಎರಡು ದುಂಡನೆಯ ಕಣ್ಣುಗಳು, ಇಷ್ಟೆ. ಆ ಕಪ್ಪು ಬಳಿದ ಕಪ್ಪಲ್ಲ, ಗೆರೆಯ ಮೇಲೆ ಗೆರೆ ಎಳೆದು ದಟ್ಟೈಸಿದ್ದು. ಕಣ್ಣಿಟ್ಟು ನೋಡಿದರೆ ಆ ಕತ್ತಲೆಯೂ ಒಂದು ಕೈ ತಾಳ್ಮೆಯಿಂದ ನೆಯ್ದದ್ದೆಂದು ಕಾಣುತ್ತದೆ. ಅಲ್ಲಿ ಅವಳು ಯಾರನ್ನೂ ತಿನ್ನುವುದಿಲ್ಲ. ಬಂದು ಕುಳಿತುಕೊಳ್ಳುತ್ತಾಳೆ, ಕುಳಿತ ನೆಲ ಹೆಪ್ಪುಗಟ್ಟುತ್ತದೆ, ಅಲ್ಲಿ ಮತ್ತೆ ಹುಲ್ಲು ಹುಟ್ಟುವುದಿಲ್ಲ. 1957ರ ಚಳಿಗಾಲದ ಕಥೆಯಲ್ಲಿ ಅವಳು ಬೆಂಕಿಯ ಬಳಿ ಬರುವುದು ಕಾಯಿಸಿಕೊಳ್ಳುವುದಕ್ಕೇ. ಬಂದು ಕುಳಿತೊಡನೆ ಬೆಂಕಿ ಆರಿಹೋಗುತ್ತದೆ. ಓದುವ ಮಗುವಿನ ಮನಸ್ಸಿನಲ್ಲಿ ಇಲ್ಲಿಯೇ ಏನೋ ಹೊರಳುತ್ತದೆ. ಹೆದರಿಸುವವಳು ತಾನೂ ಚಳಿಯಲ್ಲಿ ನರಳುವವಳೆಂದು ಗೊತ್ತಾದ ಮೇಲೆ ಹೆದರಿಕೆ ಹೋಗುವುದಿಲ್ಲ, ಆದರೆ ಅದು ಒಂಟಿಯಾಗಿಯೂ ಉಳಿಯುವುದಿಲ್ಲ. ಕರುಣೆ ಬಂದು ಅದರ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ. 1965ರಲ್ಲಿ ಬಂದ, ದ್ವೀಪವೊಂದರ ದೀಪಸ್ತಂಭದ ಬಳಿ ನಡೆಯುವ ಕಥೆಯಲ್ಲಿ ಮೂಮಿನ್ ಬಾಲಕನು ರಾತ್ರಿ ರಾತ್ರಿಯೂ ಲಾಟೀನು ಹಿಡಿದು ಕಡಲತಡಿಗೆ ಹೋಗುತ್ತಾನೆ. ಬೆಳಕಿಗೆ ಹಸಿದ ಗ್ರೋಕ್ ಅದನ್ನೇ ಎವೆಯಿಕ್ಕದೆ ನೋಡುತ್ತ ನಿಲ್ಲುತ್ತಾಳೆ. ಒಂದು ದಿನ ಸೀಮೆಎಣ್ಣೆ ತೀರಿಹೋಗಿ ಬರಿಗೈಯಲ್ಲಿ ಹೋದಾಗ, ದೀಪವಿಲ್ಲದಿದ್ದರೂ ಅವನು ಬಂದನೆಂಬ ಹರ್ಷಕ್ಕೆ ಅವಳು ಕುಣಿಯುತ್ತಾಳೆ. ಅವಳು ನಿಂತಿದ್ದ ಮರಳು ಹೆಪ್ಪುಗಟ್ಟಿರುವುದಿಲ್ಲ. ಹದಿನೇಳು ವರ್ಷಗಳ ಅವಧಿಯಲ್ಲಿ, ಹಲವು ಪುಸ್ತಕಗಳ ಮೂಲಕ, ಒಂದು ಭಯದೊಡನೆ ಇಷ್ಟು ದೀರ್ಘವಾಗಿ ಸಂಭಾಷಿಸಿದ ಲೇಖಕಿ ಮಕ್ಕಳ ಸಾಹಿತ್ಯದಲ್ಲಿ ಇನ್ನೊಬ್ಬರಿರುವರೆ ಎಂದು ನಾನು ಯೋಚಿಸುವುದುಂಟು.

ಅದೇ ಚಳಿಗಾಲದ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ಸೊಗಸಾದ ಬಾಲದ, ಮರೆಗುಳಿಯಾದ ಒಂದು ಅಳಿಲು, ಹಿಮದ ಒಡತಿಯ ಮುಖವನ್ನು ನೋಡಬಾರದೆಂಬ ಎಚ್ಚರಿಕೆಯನ್ನು ಮರೆತು ನೋಡಿ, ಮರಗಟ್ಟಿ ಸಾಯುತ್ತದೆ. ಅಲ್ಲಿ ಯಾನ್ಸನ್ ಒಂದು ಅಡಿಟಿಪ್ಪಣಿ ಹಾಕಿದ್ದಾರೆ: ಓದುವವರಿಗೆ ಅಳು ಬರುವಂತಿದ್ದರೆ ಮುಂದಿನ ಇಂಥ ಪುಟವನ್ನು ಒಮ್ಮೆ ನೋಡಿ ಬರಲಿ ಎಂಬ ಅರ್ಥದ್ದು. ಆ ಪುಟದಲ್ಲಿ, ವಸಂತ ಕಾಲಿಡುವ ಹೊತ್ತಿಗೆ, ಒಂದು ಅಳಿಲು ಕಾಣಿಸುತ್ತದೆ. ಸತ್ತ ಅಳಿಲೇ ಅದು ಎಂದು ಲೇಖಕಿ ಹೇಳುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ. ಸಾವನ್ನು ಪುಸ್ತಕದಿಂದ ತೆಗೆದುಹಾಕಲಿಲ್ಲ. ಅಳುವ ಮಗುವಿನ ಕೈಬಿಡಲೂ ಇಲ್ಲ. ಮಕ್ಕಳ ಲೇಖಕರಾಗಬೇಕೆನ್ನುವವರೆಲ್ಲ ಆ ಒಂದು ಅಡಿಟಿಪ್ಪಣಿಯನ್ನು ಒಂದು ಶಾಸ್ತ್ರಗ್ರಂಥದಂತೆ ಅಭ್ಯಾಸ ಮಾಡಬೇಕೆಂಬುದು ನನ್ನ ಅಭಿಪ್ರಾಯ.

ಚಿತ್ರಗಳ ವಿಷಯದಲ್ಲಿ ಒಂದು ಬಲವಾದ ಆಕ್ಷೇಪವಿದೆ, ಅದನ್ನು ಎದುರಿಸದೆ ಮುಂದೆ ಹೋಗುವುದು ಸರಿಯಲ್ಲ. ಅದ್ಭುತಕಥೆಗಳಿಗೆ ಚಿತ್ರ ಬರೆಯುವುದರಿಂದ ಹೆಚ್ಚಿನ ಉಪಕಾರವಿಲ್ಲವೆಂದು ಇಂಗ್ಲಿಷ್ ಲೇಖಕ ಟಾಲ್ಕಿನ್ ಹೇಳಿದರು. ಚಿತ್ರವು ಮಗುವಿನ ಕಲ್ಪನೆಗೆ ಬೇಲಿ ಹಾಕುತ್ತದೆಂದು ಮನೋವಿಜ್ಞಾನಿ ಬ್ರೂನೋ ಬೆಟಲ್‌ಹೈಮ್ ವಾದಿಸಿದರು. ಮಾತಿನಲ್ಲಿ ‘ಕಾಡು’ ಎಂದರೆ ಪ್ರತಿಯೊಂದು ಮಗುವೂ ತನ್ನ ಕಾಡನ್ನು ಕಾಣುತ್ತದೆ, ಚಿತ್ರದಲ್ಲಿ ಕಾಡು ಎಲ್ಲರಿಗೂ ಒಂದೇ ಎಂಬುದು ಈ ವಾದದ ತಿರುಳು. ಇದರಲ್ಲಿ ನಿಜಾಂಶವಿದೆ. ಅದಕ್ಕೆ ಟಾಲ್ಕಿನ್ ಅವರ ‘ಹಾಬಿಟ್’ ಕಥೆಯೇ ಸಾಕ್ಷಿ: 1962ರಲ್ಲಿ ಅದರ ಸ್ವೀಡಿಷ್ ಅನುವಾದಕ್ಕೆ ಚಿತ್ರ ಬರೆದ ಯಾನ್ಸನ್, ಗೊಲ್ಲಮ್ ಎಂಬ ನೆಲದಡಿಯ ಜೀವಿಯನ್ನು ದೈತ್ಯಾಕಾರದಲ್ಲಿ ಬಿಡಿಸಿದರು, ಅದರ ಗಾತ್ರವನ್ನು ಮೂಲದಲ್ಲಿ ಎಲ್ಲಿಯೂ ಹೇಳಿರಲಿಲ್ಲವಾಗಿ ಟಾಲ್ಕಿನ್ ಮುಂದಿನ ಪರಿಷ್ಕರಣದಲ್ಲಿ ಅದು ಸಣ್ಣದೆಂದು ಸೇರಿಸಬೇಕಾಯಿತು. ಚಿತ್ರಕಾರನು ನಿರ್ಣಯಿಸದೆ ಗೆರೆ ಎಳೆಯಲಾರನು. ನಿರ್ಣಯಿಸಿದ ಕೂಡಲೆ ಇತರ ಸಾಧ್ಯತೆಗಳು ಮುಚ್ಚುತ್ತವೆ. ಆದರೆ ಭಯದ ವಿಷಯದಲ್ಲಿ ಈ ಮುಚ್ಚುವಿಕೆಯೇ ವರವೆಂದು ನಾನು ಹೇಳುತ್ತೇನೆ. ಮಗುವಿನ ಕಲ್ಪನೆ ಕಾಡನ್ನು ಚೆಂದವಾಗಿ ಬೆಳೆಸಬಲ್ಲದು, ನಿಜ. ಗುಮ್ಮನನ್ನೂ ಅಷ್ಟೇ ಸೊಂಪಾಗಿ, ಮಿತಿಯಿಲ್ಲದೆ ಬೆಳೆಸಬಲ್ಲದು. ಕಾಗದದ ಮೇಲೆ ಬಂದ ಗುಮ್ಮನಿಗೆ ಒಂದು ತಲೆ, ಎರಡು ಕಣ್ಣು, ಇಂತಿಷ್ಟೇ ಎತ್ತರ. ಅವನ ನಾಲ್ಕು ದಿಕ್ಕಿಗೂ ಪುಟದ ಅಂಚು. ಇನ್ನು, ಜಾಣ ಚಿತ್ರಕಾರನು ಎಲ್ಲವನ್ನೂ ಹೇಳಿ ಮುಗಿಸುವುದೂ ಇಲ್ಲ. ಯಾನ್ಸನ್ ಅವರ 1962ರ ಕಥಾಸಂಗ್ರಹದಲ್ಲಿ ನಿನ್ನಿ ಎಂಬ ಬಾಲಕಿಯ ಕಥೆಯಿದೆ. ಸಾಕುತ್ತಿದ್ದ ಹೆಂಗಸಿನ ತಣ್ಣನೆಯ ಚುಚ್ಚುಮಾತಿಗೆ ಹೆದರಿ ಹೆದರಿ ಅವಳು ಕ್ರಮೇಣ ಅದೃಶ್ಯಳಾಗಿಬಿಟ್ಟಿದ್ದಾಳೆ. ಇದ್ದಾಳೆಂದು ತಿಳಿಯಲು ಕೊರಳಿಗೆ ಕಟ್ಟಿದ ಒಂದು ಕಿರುಗಂಟೆಯೇ ಗುರುತು. ಮೂಮಿನ್ ತಾಯಿಯ ಆರೈಕೆಯಲ್ಲಿ ಕಾಲು ಕಾಣತೊಡಗುತ್ತದೆ, ಉಡುಪು ಕಾಣತೊಡಗುತ್ತದೆ, ಮುಖ ಮಾತ್ರ ಕಾಣುವುದಿಲ್ಲ. ಕಡೆಗೊಂದು ದಿನ ಕಡಲ ಬಳಿ, ಮೂಮಿನ್ ತಂದೆ ಹೆಂಡತಿಯನ್ನು ನೀರಿಗೆ ತಳ್ಳುವವನಂತೆ ತಮಾಷೆಗೆ ನಟಿಸಿದಾಗ, ನಿನ್ನಿ ರೋಷದಿಂದ ಹಾರಿ ಅವನ ಬಾಲವನ್ನು ಕಚ್ಚಿಬಿಡುತ್ತಾಳೆ, ಆ ಕ್ಷಣದಲ್ಲಿ ಅವಳ ಮುಖ ಮೂಡುತ್ತದೆ. ಹಿರಿಯರು ಪ್ರಯೋಗಿಸುವ ಭಯ ಮಗುವನ್ನು ಏನು ಮಾಡುತ್ತದೆಂಬುದನ್ನು ಮಕ್ಕಳಿಗೇ ಅರ್ಥವಾಗುವಂತೆ ಇದಕ್ಕಿಂತ ನೇರವಾಗಿ ಯಾರೂ ಹೇಳಿದ್ದನ್ನು ನಾನು ಕಾಣೆ.

ಬೆಟಲ್‌ಹೈಮರ ಹೆಸರು ಬಂದಾಗ ಅಮೆರಿಕದ ಮಾರಿಸ್ ಸೆಂಡಾಕ್ ಅವರ ಪುಸ್ತಕವೂ ನೆನಪಾಗುವುದು ಸಹಜ. ಅಮ್ಮನ ಮೇಲೆ ಹರಿಹಾಯ್ದು, ಊಟವಿಲ್ಲದೆ ಮಲಗಲು ಕಳುಹಿಸಲ್ಪಟ್ಟ ಮ್ಯಾಕ್ಸ್ ಎಂಬ ಹುಡುಗ ವಿಕಾರಮೃಗಗಳ ನಾಡಿಗೆ ಹೋಗಿ, ಅವುಗಳಿಗೆ ಅರಸನಾಗಿ ಹಿಂತಿರುಗುವ ಕಥೆ ಅದು, ಪ್ರಕಟವಾದದ್ದು 1963ರಲ್ಲಿ. ಆ ಮೃಗಗಳಿಗೆ ಮಾದರಿಯಾದವರು, ತಮ್ಮ ಬಾಲ್ಯದಲ್ಲಿ ಬ್ರೂಕ್ಲಿನ್ನಿನ ಮನೆಗೆ ಬಂದು ಕೆನ್ನೆ ಹಿಂಡುತ್ತಿದ್ದ ನೆಂಟರೆಂದು ಸೆಂಡಾಕ್ ಹೇಳಿಕೊಂಡಿದ್ದಾರೆ. ತಾಯಿಯೇ ಅನ್ನ ನಿರಾಕರಿಸುವ ಕಥೆ ಮಗುವಿನ ಮೂಲಭೂತವಾದ ಅಂಜಿಕೆಯನ್ನು ಕೆಣಕುತ್ತದೆಂದು ಬೆಟಲ್‌ಹೈಮ್ 1969ರಲ್ಲಿ, ಪುಸ್ತಕವನ್ನು ಸ್ವತಃ ನೋಡದೆಯೇ, ಖಂಡಿಸಿದರು. ನೋಡಿದ್ದರೆ ಹಾಗೆ ಬರೆಯುತ್ತಿರಲಿಲ್ಲವೆಂದು ತೋರುತ್ತದೆ, ಏಕೆಂದರೆ ಆ ಪುಸ್ತಕದ ಉತ್ತರವಿರುವುದು ಪುಟಗಳ ಜೋಡಣೆಯಲ್ಲಿ. ಮೊದಲ ಪುಟದಲ್ಲಿ ಚಿತ್ರ ಚಿಕ್ಕದು, ಸುತ್ತ ಬಿಳಿಯ ಅಂಚು ಅಗಲ. ಹುಡುಗನ ಕೋಣೆ ಕಾಡಾಗುತ್ತ ಹೋದಂತೆ ಚಿತ್ರ ಅಂಚನ್ನು ನುಂಗುತ್ತ ಬೆಳೆದು, ಮೃಗಗಳ ಕೋಲಾಹಲದ ಹೊತ್ತಿಗೆ ಎದುರುಬದುರಾದ ಎರಡು ಪುಟಗಳನ್ನೂ ತುಂಬಿ, ಮಾತಿಗೆ ಎಡೆಯೇ ಇಲ್ಲದಂತೆ ಮೂರು ಹಾಸು ವ್ಯಾಪಿಸುತ್ತದೆ, ಆಮೇಲೆ ಹಿಮ್ಮೆಟ್ಟುತ್ತದೆ. ಕೋಣೆಗೆ ಮರಳಿದ ಹುಡುಗನಿಗೆ ಅಲ್ಲಿ ಊಟ ಕಾದಿರುತ್ತದೆ; ಕಡೆಯ ಪುಟದಲ್ಲಿ ಚಿತ್ರವೇ ಇಲ್ಲ, ಊಟ ಇನ್ನೂ ಬಿಸಿಯಾಗಿತ್ತೆಂಬ ಸುದ್ದಿ ಮಾತ್ರ. ಅಕ್ಷರ ಬಾರದ ಮಗುವೂ ಬಿಳಿಯ ಅಂಚು ಕರಗುವುದನ್ನು ನೋಡುತ್ತದೆ. ಇದೇ ಬೆಟಲ್‌ಹೈಮ್ 1976ರಲ್ಲಿ ಬರೆದ ದೊಡ್ಡ ಗ್ರಂಥದಲ್ಲಿ, ಜನಪದ ಕಥೆಗಳ ಮಾಟಗಾತಿಯರೂ ರಾಕ್ಷಸರೂ ಮಗುವಿನ ಒಳಗಿನ ತಳಮಳಕ್ಕೆ ಆಕಾರ ಕೊಟ್ಟು ಉಪಕರಿಸುತ್ತಾರೆಂದು ವಿಸ್ತಾರವಾಗಿ ಪ್ರತಿಪಾದಿಸಿದರೆಂಬುದನ್ನೂ ಇಲ್ಲಿ ಹೇಳಬೇಕು.

ಎಲ್ಲ ಮಕ್ಕಳೂ ಒಂದೇ ಅಚ್ಚಿನವರಲ್ಲ. ಒಂದು ಮಗು ನಕ್ಕು ಮಗುಚುವ ಪುಟವನ್ನು ಇನ್ನೊಂದು ಮಗು ಕನಸಿನಲ್ಲಿ ಕಂಡು ಬೆಚ್ಚಬಹುದು. ನಾಲ್ಕು ವರ್ಷಕ್ಕೆ ಸಲ್ಲದ್ದು ಎಂಟಕ್ಕೆ ಸಲ್ಲಬಹುದು. ಬೇಡವೆಂದು ಪುಸ್ತಕವನ್ನು ದೂರ ತಳ್ಳುವ ಮಗುವಿಗೆ ಧೈರ್ಯ ಬರಲೆಂದು ಬಲವಂತವಾಗಿ ಓದಿಸುವ ಹಿರಿಯನು ಮತ್ತೆ ಗುಮ್ಮನನ್ನು ಕರೆದವನೇ ಆಗುತ್ತಾನೆ. ಪುಟ ಮಗುಚುವ ಅಧಿಕಾರ ಮಗುವಿನದಾಗಿರಬೇಕೆಂದು ಮೇಲೆ ಹೇಳಿದ್ದು ಅಲಂಕಾರಕ್ಕಲ್ಲ. ಚಲಿಸುವ ಚಿತ್ರಕ್ಕೂ ಅಚ್ಚಾದ ಚಿತ್ರಕ್ಕೂ ಇರುವ ಭೇದವೂ ಇಲ್ಲಿಯೇ: ಪರದೆಯ ಭಯ ತನ್ನ ವೇಗದಲ್ಲಿ ಬಂದು ಮಗುವಿನ ಮೇಲೆ ಎರಗುತ್ತದೆ, ಪುಸ್ತಕದ ಭಯ ಮಗು ಬಂದು ತೆರೆಯುವವರೆಗೆ ತನ್ನ ಪುಟದಲ್ಲಿ ಕಾದಿರುತ್ತದೆ.

ನಮ್ಮಲ್ಲಿ ಈ ಬಗೆಯ ಚಿತ್ರವಿರಲಿಲ್ಲವೆ? ಇತ್ತು. 1947ರಲ್ಲಿ ಮದರಾಸಿನಲ್ಲಿ ತೆಲುಗು ತಮಿಳುಗಳಲ್ಲಿ ಪ್ರಾರಂಭವಾಗಿ ಅನಂತರ ಕನ್ನಡದಲ್ಲಿಯೂ ಬಂದ ‘ಚಂದಮಾಮ’ದಲ್ಲಿ, ಶಂಕರ್ ಎಂಬ ಹೆಸರಿನಿಂದ ಬರೆಯುತ್ತಿದ್ದ ಕೆ. ಸಿ. ಶಿವಶಂಕರನ್ ಅವರ ಬೇತಾಳದ ಚಿತ್ರವನ್ನು ನೋಡದೆ ಬೆಳೆದ ಕನ್ನಡ ಮಕ್ಕಳು ಆ ತಲೆಮಾರುಗಳಲ್ಲಿ ವಿರಳ. ಒಂದು ಕೈಯಲ್ಲಿ ಕತ್ತಿ ಹಿರಿದು, ಹೆಗಲ ಮೇಲೆ ಶವ ಹೊತ್ತು, ಸ್ಮಶಾನದಲ್ಲಿ ನಡೆಯುವ ವಿಕ್ರಮ. ಮೂಲಕಥೆ ಹನ್ನೊಂದನೆಯ ಶತಮಾನದ ಕಾಶ್ಮೀರದ ಸೋಮದೇವನ ಕಥಾಸರಿತ್ಸಾಗರದಲ್ಲಿಯೂ ಇದೆ. ಶವ, ಸ್ಮಶಾನ, ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳಾದೀತೆಂಬ ಬೆದರಿಕೆ, ಇವೆಲ್ಲ ಮಕ್ಕಳ ಮಾಸಪತ್ರಿಕೆಯಲ್ಲಿ! ಆದರೂ ಅದು ಮಕ್ಕಳನ್ನು ಕೆಡಿಸಲಿಲ್ಲ. ಏಕೆಂದರೆ ತಿಂಗಳು ತಿಂಗಳೂ ಅದೇ ಚಿತ್ರ, ಅದೇ ಆರಂಭ, ಕೊನೆಗೆ ಮೌನ ಮುರಿದೊಡನೆ ಬೇತಾಳ ಮರಕ್ಕೆ ಹಾರಿಹೋಗುವ ಅದೇ ಮುಕ್ತಾಯ. ಈ ಪುನರಾವೃತ್ತಿಯೇ ಭಯಕ್ಕೆ ಕಟ್ಟಿದ ದಡ. ಅದಕ್ಕಿಂತ ಮುಖ್ಯವಾಗಿ, ಆ ಬೇತಾಳ ರಾಜನ ವಿವೇಕವನ್ನು ಪರೀಕ್ಷಿಸುತ್ತಾನೆಯೇ ಹೊರತು ಓದುವ ಮಗುವನ್ನು ಶಿಕ್ಷಿಸುವುದಿಲ್ಲ. ರಾಜನಿಗಿಂತ ಮೊದಲು ತಾನೇ ಉತ್ತರ ಹೇಳಬಹುದೆಂಬ ಸ್ಪರ್ಧೆಗೆ ಮಗುವನ್ನು ಕರೆಯುತ್ತಾನೆ.

ಇತ್ತೀಚಿನ ನಮ್ಮ ಮಕ್ಕಳ ಪುಸ್ತಕಗಳಲ್ಲಿ ಚಿತ್ರಗಳು ಹೆಚ್ಚಾಗಿವೆ, ಬಣ್ಣ ಸೊಗಸಾಗಿದೆ, ಇದು ಸಂತೋಷದ ಸಂಗತಿ. ಆದರೆ ಬಹುಮಟ್ಟಿಗೆ ಎಲ್ಲ ಮುಖಗಳೂ ನಗುತ್ತಿರುತ್ತವೆ. ರಾಕ್ಷಸನು ಮೊದಲ ಚಿತ್ರದಲ್ಲಿಯೇ ಮುದ್ದಾಗಿರುತ್ತಾನೆ, ಆದುದರಿಂದ ಕೊನೆಯಲ್ಲಿ ಅವನು ಒಳ್ಳೆಯವನೆಂದು ತಿಳಿದಾಗ ಮಗುವಿಗೆ ಹೊಸದೇನೂ ದೊರೆತಂತಾಗುವುದಿಲ್ಲ. ಕಥೆ ಮುಗಿದ ಮೇಲೆ ಒಂದು ನೀತಿಯನ್ನೂ ಕಡ್ಡಾಯವಾಗಿ ಅಂಟಿಸುವ ಪದ್ಧತಿ ಬೇರೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಇಂಥ ಪುಸ್ತಕಗಳನ್ನು ಹೊರತರುವವರು ಇಂದು ಹೊಸದಾಗಿ ಬಂದ ಹಸ್ತಪ್ರತಿಯೆಂದು ಓದಿದರೆ ಒಪ್ಪುತ್ತಿದ್ದರೆ ಎಂದು ನನಗೆ ಸಂದೇಹ. ತುಂಗೆಯ ತೀರದ ಆ ಊರಿನಲ್ಲಿ ಇಲಿಗಳ ಹಾವಳಿಯ ವಿನೋದ ಎಷ್ಟು ಸೊಗಸೋ, ಜೋಗಿಯ ಕಿಂದರಿಯ ನಾದಕ್ಕೆ ಮರುಳಾಗಿ ಊರಿನ ಮಕ್ಕಳೆಲ್ಲ ಬೆಟ್ಟದೊಳಗೆ ಮಾಯವಾಗುವ ಘಟ್ಟ ಅಷ್ಟೇ ಮೈ ಜುಮ್ಮೆನಿಸುವಂಥದ್ದು. ಮಾತಿಗೆ ತಪ್ಪಿದವರು ಅಲ್ಲಿ ಹಿರಿಯರು, ಮಕ್ಕಳಲ್ಲ. ಕನ್ನಡದ ಮಕ್ಕಳು ತಲೆಮಾರುಗಳಿಂದ ಅದನ್ನು ಕುಣಿದು ಹಾಡಿದ್ದಾರೆ.

ಅದಕ್ಕೆ ಮೂಲವಾದ ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯ 1842ರಲ್ಲಿ ಅಚ್ಚಾಯಿತು. ಅದು ಹುಟ್ಟಿದ ಸಂದರ್ಭ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು: ಮೆಕ್ರೆಡಿ ಎಂಬ ಪ್ರಸಿದ್ಧ ನಟನ ಚಿಕ್ಕ ಮಗ ಕಾಯಿಲೆಯಾಗಿ ಮಲಗಿದ್ದಾಗ, ಚಿತ್ರ ಬರೆಯುವ ಹವ್ಯಾಸವಿದ್ದ ಆ ಹುಡುಗನಿಗೆ ಬರೆಯಲು ಒಂದು ವಸ್ತುವಿರಲೆಂದು ಕವಿ ಅದನ್ನು ರಚಿಸಿ ಕಳುಹಿಸಿದನು. ನಮ್ಮ ಶಾಲೆಗಳಲ್ಲಿಯೂ ಇದನ್ನು ಮಾಡಿ ನೋಡಬಹುದು. ಉಪಾಧ್ಯಾಯರು ಯಾವ ಚಿತ್ರವನ್ನೂ ತೋರಿಸದೆ ಕಿಂದರಿಜೋಗಿಯನ್ನು ಗಟ್ಟಿಯಾಗಿ ಓದಿ, ಬೆಟ್ಟ ಬಾಯಿ ತೆರೆಯುವ ಘಟ್ಟವನ್ನು ಬರೆಯಿರೆಂದು ಮಕ್ಕಳಿಗೆ ಬಿಳಿಯ ಹಾಳೆಯನ್ನೂ ಕಪ್ಪು ಬಳಪವನ್ನೂ ಕೊಡಲಿ. ಬೆಟ್ಟದ ಒಳಗಡೆ ಏನಿದೆ, ಎಷ್ಟು ಕತ್ತಲೆಯಿದೆ, ಕೊನೆಯಲ್ಲಿ ನಡೆಯುತ್ತಿರುವ ಮಗು ಊರಿನತ್ತ ತಿರುಗಿ ನೋಡುತ್ತಿದೆಯೆ ಇಲ್ಲವೆ ಎಂಬುದನ್ನೆಲ್ಲ ಬರೆಯುವವರೇ ನಿರ್ಣಯಿಸಲಿ. ಬರೆದದ್ದನ್ನು ಯಾರೂ ತಿದ್ದುವುದು ಬೇಡ.